ಸಿ.ಪಿ.ಯು. ಧೂಳಿಗೆ ಪಂಕ್ಚರ್ ಅಂಗಡಿ ಗಾಳಿ ಬೇಡಿ ಸ್ವಾಮಿ!

ಕೊಳ್ಳೇಗಾಲ: ಧೂಳಿನಲ್ಲೂ ಊರಿಗೊಂದು ಬಗೆ. ಕೊಳ್ಳೇಗಾಲದಲ್ಲಿ ಮಗ್ಗದ ಮನೆಗಳ ರೇಷ್ಮೆ ಎಳೆಯ ನವಿರು. ಹನೂರಿನಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿಬರುವ ವಾಹನಗಳು ಎಬ್ಬಿಸುವ ಮಣ್ಣು. ಯಳಂದೂರು ಕಡೆ ಸುಗ್ಗಿ ಬಂತೆಂದರೆ ಒಕ್ಕಣೆಯ ಹೊಟ್ಟು. ಯಾವ ಊರಿನದೇ ಆಗಲಿ, ಅದು ಕೊನೆಗೆ ಹೋಗಿ ಕೂರುವುದು ಮೇಜಿನ ಕೆಳಗೆ ಗುಂಯ್ ಎನ್ನುತ್ತಿರುವ ಕಂಪ್ಯೂಟರಿನ ಹೊಟ್ಟೆಯಲ್ಲಿ.

ಹೋಗಲಿ ಬಿಡಿ ಎನ್ನುವ ಕಾಲ ಇದಲ್ಲ. 'ಭೂಮಿ' ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿ ಇಪ್ಪತ್ತು ವರ್ಷದ ಮೇಲಾಯಿತು. 2022ರಲ್ಲಿ 'ಗ್ರಾಮ ಒನ್' ಹಳ್ಳಿಹಳ್ಳಿಗೂ ಹರಡಿತು. ಮನೆಯ ಪಡಸಾಲೆಯಲ್ಲೇ ಒಂದು ಹಳೇ ಸಿಸ್ಟಮ್, ಒಂದು ಪ್ರಿಂಟರ್ ಇಟ್ಟುಕೊಂಡು ಅರ್ಜಿ ತುಂಬಿಕೊಟ್ಟು ಬದುಕುವ ಹುಡುಗರೂ ಇದ್ದಾರೆ. ಒಂದು ದಿನದ ಕೂಲಿ ಬಿಟ್ಟು ಬಂದ ಅಜ್ಜಿಯ ಅರ್ಜಿ ಮುಕ್ಕಾಲು ಮುಗಿದಾಗ ಪರದೆ ಕಪ್ಪಾಯಿತೆನ್ನಿ. "ಸರ್ವರ್ ಇಲ್ವಾ ಮಗ?" ಎಂದು ಅಜ್ಜಿ ಕೇಳುತ್ತಾಳೆ. ಸರ್ವರ್ ಇದೆ, ಇಲ್ಲದ್ದು ಗಾಳಿ!

ಸಂಗತಿ ಇಷ್ಟೇ. ಪ್ರೊಸೆಸರಿನ ಶಾಖ ಎಳೆದುಕೊಳ್ಳಲು ಮೇಲೊಂದು ಲೋಹದ ಹೀಟ್‌ಸಿಂಕ್, ಅದರ ಮೇಲೊಂದು ಫ್ಯಾನು. ಆ ಲೋಹದ ಹಲ್ಲುಗಳ ಸಂದಿಗೆ ಧೂಳು ಕಂಬಳಿಯ ಹಾಗೆ ಮೆತ್ತಿಕೊಂಡರೆ ಫ್ಯಾನು ಎಷ್ಟು ತಿರುಗಿದರೂ ವ್ಯರ್ಥ. ಬಹುಪಾಲು ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಬಂದರೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಇನ್ನೂ ಏರಿದರೆ ಜೀವ ಉಳಿಸಿಕೊಳ್ಳಲು ಆಫ್ ಆಗುತ್ತವೆ. ನಾವು "ವೈರಸ್ ಬಂದದೆ ಕಣಣ್ಣ" ಎಂದುಕೊಂಡು ಕೂರುತ್ತೇವೆ. ಧೂಳು ಬರದಿರಲಿ ಎಂದು ಸಿಸ್ಟಮ್ ಓಡುವಾಗಲೇ ಮೇಲೆ ಬಟ್ಟೆ ಹೊದಿಸುವ ಪುಣ್ಯಾತ್ಮರೂ ಉಂಟು. ಅದು ಉಸಿರು ಕಟ್ಟಿಸಿದಂತೆ.

ಇನ್ನು ಕೆಲವರು ಸಿ.ಪಿ.ಯು. ಡಬ್ಬವನ್ನು ಸ್ಕೂಟರಿನ ಮುಂದಿಟ್ಟುಕೊಂಡು ಸೀದಾ ಪಂಕ್ಚರ್ ಅಂಗಡಿಗೆ ಹೊರಡುತ್ತಾರೆ. "ಅಣ್ಣ, ಒಸಿ ಗಾಳಿ ಹೊಡಿ." ಟೈರಿಗೆ ಹೊಡೆಯುವ ಆ ಗಾಳಿಯ ಟ್ಯಾಂಕಿನಲ್ಲಿ ನೀರು ಕಟ್ಟಿಕೊಂಡಿರುತ್ತದೆ, ಎಣ್ಣೆಯ ಹನಿಯೂ ಸೇರಿರುತ್ತದೆ. ಧೂಳಿನ ಜತೆ ಅದೂ ಮದರ್‌ಬೋರ್ಡಿಗೆ ಅಂಟಿದರೆ ಮುಂದಿನದು ಶಾರ್ಟು. ರಭಸಕ್ಕೆ ಫ್ಯಾನು ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಆಯುಧ ಪೂಜೆಯ ಸಂಭ್ರಮವೂ ಅಷ್ಟೇ. ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿ ಕಿಂಡಿಯ ಮೇಲೇ ವಿಭೂತಿ, ಕುಂಕುಮ! ಪೂಜೆ ಬೇಡವೆಂದಲ್ಲ, ಕುಂಕುಮ ಪಕ್ಕದ ತಗಡಿಗಿರಲಿ.

ಮನೆಯಲ್ಲೇ ಮಾಡುವ ವಿಧಾನಕ್ಕೆ ಪಿಯುಸಿ ಕೂಡ ಪಾಸಾಗಬೇಕಿಲ್ಲ. ಸಿಸ್ಟಮ್ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಉಳಿದ ವೈರುಗಳನ್ನೂ ಬಿಡಿಸಿ. ವೈರು ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದ ಕರೆಂಟು ಇಳಿಯುತ್ತದೆ. ಜಗಲಿಗೆ ತನ್ನಿ, ಮೂಗಿಗೆ ಟವೆಲ್ ಕಟ್ಟಿಕೊಳ್ಳಿ. ಉಬ್ಬಸದವರು ದೂರವೇ ಇರಲಿ. ಪಕ್ಕದ ತಗಡು ಬಿಚ್ಚಿ, ಒಳಗೆ ಕೈ ಹಾಕುವ ಮುಂಚೆ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಆಗಾಗ ಮುಟ್ಟುತ್ತಲೂ ಇರಿ. ಮೈಮೇಲಿನ ಸ್ಥಾಯೀ ವಿದ್ಯುತ್ತು ಚುರುಕ್ಕೆಂದು ನಮಗೆ ತಿಳಿಯಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಒಳಗಿನ ಕೆಲವು ಬಿಡಿಭಾಗ ಕೆಡಲು ಅದರಲ್ಲಿ ಹತ್ತನೇ ಒಂದು ಪಾಲೂ ಬೇಡ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿ ಬೇಡವೆನ್ನುವುದೂ ಇದಕ್ಕೇ.

ಬಣ್ಣ ಕಾಣದ ಹೊಸ ಪೈಂಟ್ ಬ್ರಷ್, ಮೆತ್ತನೆ ಕೂದಲಿನದು, ಸಾಕು. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದು ಒಂದೊಂದನ್ನೇ ಗುಡಿಸಿ. ಬಾಯಲ್ಲಿ ಊದಬೇಡಿ, ಎಂಜಲು ಬೀಳುತ್ತದೆ. ಡಬ್ಬಿಯ ಗಾಳಿ ಸಿಕ್ಕರೆ ನೆಟ್ಟಗೆ ಹಿಡಿದು ಚೂರುಚೂರೇ ಬಿಡಿ. ಓರೆ ಮಾಡಿದರೆ ದ್ರವ ಚಿಮ್ಮುತ್ತದೆ. ಮಗ್ಗದ ಮನೆಯವರು ಫ್ಯಾನಿನ ನಡುಗಂಬಕ್ಕೆ ಸುತ್ತಿದ ಎಳೆಯನ್ನು ಚಿಮಟದಲ್ಲಿ ಬಿಡಿಸಬೇಕು. ಎಳೆದರೆ ರೆಕ್ಕೆ ಮುರಿದೀತು.

ಆದರೆ ಹಿಂದುಗಡೆ ಕರೆಂಟಿನ ವೈರು ಸಿಕ್ಕಿಸುವ ಎಸ್‌ಎಂಪಿಎಸ್ ಡಬ್ಬಿಯೊಂದಿದೆಯಲ್ಲ, ಅದರ ತಂಟೆಗೆ ಹೋಗಬೇಡಿ. ನಮ್ಮ 230 ವೋಲ್ಟ್ ಅದರೊಳಗೆ 300 ದಾಟಿ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು. ಹೊರಗಿನ ಜಾಲರಿ ಮಾತ್ರ ಗುಡಿಸಿ. ಒಳಗೆ ಹಲ್ಲಿಯೇ ಸತ್ತಿದ್ದರೂ ಅದು ಮೆಕ್ಯಾನಿಕ್ ಕೆಲಸ. ಹಳೇ ಡುಬ್ಬದ ಮಾನಿಟರ್ ಇನ್ನೂ ಇಟ್ಟುಕೊಂಡವರಿದ್ದರೆ, ಅದನ್ನಂತೂ ಬಿಚ್ಚಲೇ ಕೂಡದು.

ಎಲ್ಲ ಜೋಡಿಸಿ ಆನ್ ಮಾಡಿದಾಗ, ಕೈ ಒಳಗೆ ಹಾಕದೆ, ಪ್ರೊಸೆಸರ್ ಫ್ಯಾನು ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ತಕ್ಷಣ ಆಫ್. ತಿರುಗಿಯೂ ಮತ್ತೆ ಮತ್ತೆ ಆಫ್ ಆಗುತ್ತಿದ್ದರೆ ಥರ್ಮಲ್ ಪೇಸ್ಟ್ ಒಣಗಿರಬಹುದು, ಬಲ್ಲವರಿಗೆ ತೋರಿಸಿ. ಬೇರೆ ಊರಿನವರಿಗೆ ಆರು ತಿಂಗಳಿಗೊಮ್ಮೆ ಗುಡಿಸಿದರೆ ನಡೆದೀತು. ನಮ್ಮ ರಸ್ತೆ ಬದಿಯ ಮನೆಗಳಿಗೆ ಮೂರು ತಿಂಗಳೇ ಸರಿ. ಅಲ್ಲಿಯವರೆಗೆ ಡಬ್ಬವನ್ನು ಪೊರಕೆಯ ಪಕ್ಕ ನೆಲದ ಮೇಲೆ ಕೂರಿಸದೆ ಒಂದು ಸ್ಟೂಲಿನ ಮೇಲಾದರೂ ಇಡಿ.