ಅಚ್ಚಿನಲ್ಲಿ ಕಳೆದದ್ದು, ನಾಗರತ್ನಮ್ಮ ಮರಳಿ ತಂದದ್ದು

‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯ 1887ರಲ್ಲಿ ಅಚ್ಚಾಗಿ ಬಂದಾಗ ಅದರಲ್ಲಿ ಪೀಠಿಕೆಯೇ ಇರಲಿಲ್ಲ. ಕೆಲವು ಪದ್ಯಗಳೂ ಇರಲಿಲ್ಲ. ಬರೆದವಳು ಮುದ್ದುಪಳನಿ, 18ನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಗಣಿಕೆ. ಅಜ್ಜಿ ತಂಜನಾಯಕಿಯ ಹೆಸರು, ತಾನು ವಿದ್ವಾಂಸರನ್ನು ಸತ್ಕರಿಸಿದ್ದು, ತನಗೆ ಕಾವ್ಯಗಳು ಅಂಕಿತವಾದದ್ದು, ಇವನ್ನೆಲ್ಲ ಅವಳು ತಲೆಯೆತ್ತಿ ಹೇಳಿಕೊಂಡಿದ್ದು ಆ ಪೀಠಿಕೆಯಲ್ಲೇ. ಅದು ಹೋದ ಮೇಲೆ ಅವಳ ವಿದ್ಯೆಯ ಮನೆತನವೂ ಓದುಗರ ಕಣ್ಣಿಂದ ಮರೆಯಾಯಿತು.

ಈ ಕೊರತೆಯನ್ನು ಹಿಡಿದವರು ನಮ್ಮ ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು, ದೇವದಾಸಿ ಪುಟ್ಟಲಕ್ಷ್ಮಿಯ ಮಗಳು. ಮದರಾಸಿಗೆ ಹೋಗಿ ದೊಡ್ಡ ಗಾಯಕಿಯಾದ ಮೇಲೂ ಬೆಂಗಳೂರು ಅವರ ಹೆಸರಿನಿಂದ ಕಳಚಲಿಲ್ಲ. ಆ ಕಾಲದ ಗಾಯಕಿಯರಿಗೆ ಊರು, ತಾಯಿ, ವಾದ್ಯ ಇವೇ ವಿಳಾಸ. ವೀಣೆ ಧನಮ್ಮಾಳ್ ಇದ್ದರು, ಕೊಯಮತ್ತೂರು ತಾಯಿ ಇದ್ದರು. ಎಂ.ಎಸ್. ಸುಬ್ಬುಲಕ್ಷ್ಮಿಯವರ ಇನಿಷಿಯಲ್‌ಗಳಲ್ಲೂ ಮದುರೆ ಇದೆ, ವೀಣೆ ನುಡಿಸುತ್ತಿದ್ದ ತಾಯಿ ಷಣ್ಮುಖವಡಿವು ಇದ್ದಾರೆ. ತಾಯಿಯಿಂದ ಮಗಳಿಗೆ ವಿದ್ಯೆ ಇಳಿದುಬರುವ ಮನೆಯಲ್ಲಿ ಬೆಳೆದ ನಾಗರತ್ನಮ್ಮನವರಿಗೆ ಮುದ್ದುಪಳನಿ ಅಜ್ಜಿಯ ಹೆಸರನ್ನು ಏಕೆ ಬರೆದಳೆಂದು ಯಾರೂ ವಿವರಿಸಬೇಕಿರಲಿಲ್ಲ. ಹಸ್ತಪ್ರತಿ ತರಿಸಿ, ಬಿಟ್ಟದ್ದನ್ನೆಲ್ಲ ಸೇರಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದಿಂದ ಇಡೀ ಕಾವ್ಯವನ್ನು ಹೊರತಂದರು.

ಆಗಿನ ತೆಲುಗು ನಾಡಿನಲ್ಲಿ ಕಂದುಕೂರಿ ವೀರೇಶಲಿಂಗಂ ಅವರ ಮಾತಿಗೆ ದೊಡ್ಡ ತೂಕವಿತ್ತು. ವಿಧವಾ ವಿವಾಹಕ್ಕಾಗಿ ಹೋರಾಡಿದ ಆ ಹಿರಿಯರು ಮುದ್ದುಪಳನಿಯ ನಡತೆಯನ್ನೇ ಹಳಿದು, ಹೆಂಗಸರು ಕೇಳಬಾರದ್ದು ಅವಳ ಕಾವ್ಯದಲ್ಲಿದೆ ಎಂದು ಬರೆದಿದ್ದರು. ನಾಗರತ್ನಮ್ಮ ಮುನ್ನುಡಿಯಲ್ಲೇ ಅವರನ್ನು ಹೆಸರು ಹಿಡಿದು ಕೇಳಿದರು: ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರವೇ? ಶೃಂಗಾರ ತುಂಬಿದ ‘ವೈಜಯಂತೀ ವಿಲಾಸಮು’ವನ್ನು ನೀವೇ ತಿದ್ದಿ ಒಪ್ಪಿದಿರಲ್ಲ, ಅದು ಪಠ್ಯವೂ ಆಯಿತಲ್ಲ? ಈ ಪ್ರಶ್ನೆಗೆ ಹೊಣೆಯುಳ್ಳ ಉತ್ತರ ಸಿಗಬೇಕಿತ್ತು. ಸಿಕ್ಕಿದ್ದು ಪೊಲೀಸರ ಕ್ರಮ. ಪ್ರತಿಗಳು ಜಪ್ತಿಯಾದವು, ಪುಸ್ತಕ ನಿಷೇಧವಾಯಿತು. ಮದರಾಸಿನಲ್ಲಿ ಟಿ. ಪ್ರಕಾಶಂ ಅವರ ಸರ್ಕಾರ ನಿಷೇಧ ತೆಗೆಯುವ ಹೊತ್ತಿಗೆ 1947 ಬಂದಿತ್ತು. ಒಬ್ಬ ಕವಯಿತ್ರಿಗೆ ಅವಳ ಅಜ್ಜಿಯ ಹೆಸರನ್ನು ಮರಳಿಸಿದ್ದಕ್ಕೆ ಇಷ್ಟು ಉದ್ದದ ದಂಡ ಅನ್ಯಾಯ.

ಅಷ್ಟರಲ್ಲಿ ನಾಗರತ್ನಮ್ಮ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಸ್ವಂತ ಹಣದಿಂದ ಗುಡಿ ಕಟ್ಟಿಸಿದ್ದರು. ಗುಡಿ ಕಟ್ಟಿಸಿದಾಕೆಗೇ ಅಲ್ಲಿ ಗಂಡಸರ ಪಂಗಡಗಳು ನಡೆಸುತ್ತಿದ್ದ ಆರಾಧನೆಯಲ್ಲಿ ಹಾಡಲು ಬಿಡಲಿಲ್ಲ! ಅವರು ಸಂಗಾತಿ ಗಾಯಕಿಯರನ್ನು ಕೂಡಿಸಿಕೊಂಡು ಬೇರೆಯಾಗಿ ಆರಾಧನೆ ನಡೆಸಿದರು. ಆ ಪಂಗಡಗಳು ಅವರೊಂದಿಗೆ ಕೂಡಿದ್ದು 1940ರ ಹೊತ್ತಿಗೆ. ದೇವದಾಸಿ ಎಂಬ ಗುರುತನ್ನು ಅವರು ಎಂದೂ ಮುಚ್ಚಿಡಲಿಲ್ಲ. 1949ರ ಉಯಿಲಿನಲ್ಲಿ ಆಸ್ತಿಯನ್ನು ಆ ಸನ್ನಿಧಿಗೆ ಬರೆದಿಟ್ಟು, ಹೆಂಗಸರಿಗೂ ದೇವದಾಸಿಯರಿಗೂ ಅಲ್ಲಿ ಹಾಡುವ ಹಕ್ಕು ಇರಬೇಕೆಂದರು. 1952ರಲ್ಲಿ ತೀರಿಕೊಂಡ ಅವರ ಸಮಾಧಿ ಇರುವುದೂ ಅಲ್ಲೇ.

ಇಂದು ಗಾಯಕಿಯರ ಪರಿಚಯ ಬರೆಯುವವರು ಗುರುಗಳ ಪಟ್ಟಿ, ಪ್ರಶಸ್ತಿಗಳ ಪಟ್ಟಿ ಕೊಟ್ಟು ಮುಗಿಸುತ್ತಾರೆ. ಮೊದಲ ಪಾಠ ಹೇಳಿಕೊಟ್ಟ ತಾಯಿಯೋ ಅಜ್ಜಿಯೋ ಇದ್ದರೆ ದಯವಿಟ್ಟು ಅವರ ಹೆಸರನ್ನೂ ಬರೆಯಿರಿ.