ಕರ್ಪೂರ ಹಚ್ಚಿದರೆ ನಾಯಿ, ಬೆಕ್ಕಿನ ಚಿಗಟ ಹೋಗುತ್ತದೆಯೇ?

ತೆಂಗಿನೆಣ್ಣೆಗೆ ಕರ್ಪೂರ ಬೆರೆಸಿ ನಾಯಿ, ಬೆಕ್ಕಿನ ಮೈಗೆ ಹಚ್ಚಿ, ಊಟದಲ್ಲಿ ಬೆಳ್ಳುಳ್ಳಿ ಹಾಕಿ, ಚಿಗಟ ಒಂದೇ ದಿನದಲ್ಲಿ ಮಾಯ! ವಾಟ್ಸ್‌ಆ್ಯಪ್‌ನಲ್ಲಿ ಈ ಧಾಟಿಯ ಮನೆಮದ್ದು ಬಂದರೆ ಫಾರ್ವರ್ಡ್ ಮಾಡಬೇಡಿ. ಕರ್ಪೂರ ಚರ್ಮದ ಮೂಲಕವೂ ದೇಹ ಸೇರುತ್ತದೆ, ಮೈ ನೆಕ್ಕಿಕೊಂಡಾಗ ಹೊಟ್ಟೆಗೂ ಹೋಗುತ್ತದೆ. ಪ್ರಮಾಣ ಹೆಚ್ಚಾದರೆ ಫಿಟ್ಸ್ ಬರಬಹುದು. ಬೆಳ್ಳುಳ್ಳಿಯಂತೂ ಈ ಪ್ರಾಣಿಗಳ ಕೆಂಪು ರಕ್ತಕಣಗಳನ್ನೇ ಹಾಳುಮಾಡಬಲ್ಲದು.

ಇನ್ನು 'ಒಂದೇ ದಿನ' ಎಂಬ ಮಾತು. ಮೈಮೇಲಿನ ಚಿಗಟಗಳೆಲ್ಲ ಸತ್ತರೂ ಸಮಸ್ಯೆ ಮುಗಿಯುವುದಿಲ್ಲ, ಏಕೆಂದರೆ ಅವುಗಳ ಸಂಸಾರದ ಬಹುಪಾಲು ಇರುವುದು ನಿಮ್ಮ ಮನೆಯಲ್ಲಿ. ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಅವು ರೋಮಕ್ಕೆ ಅಂಟಿಕೊಳ್ಳದೆ ನಾಯಿ ಮಲಗುವ ಗೋಣಿಚೀಲ, ಸೋಫಾ, ನೆಲದ ಬಿರುಕುಗಳಿಗೆ ಉದುರುತ್ತವೆ. ಮರಿಹುಳು ಅಲ್ಲೇ ಬೆಳೆದು ಗೂಡು ಕಟ್ಟಿಕೊಳ್ಳುತ್ತದೆ. ಈ ಗೂಡಿನೊಳಕ್ಕೆ ಔಷಧಿ ಸುಲಭವಾಗಿ ಇಳಿಯುವುದಿಲ್ಲ. ಒಳಗಿರುವ ಚಿಗಟ ತಿಂಗಳುಗಟ್ಟಲೆ ಕಾದು ಕೂರಬಲ್ಲದು! ಹೆಜ್ಜೆಯ ಅದುರು, ಮೈಶಾಖ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಸಿಕ್ಕೊಡನೆ ಹೊರಗೆ ಹಾರುತ್ತದೆ. ಬೇಸಿಗೆ ರಜೆಗೆ ಬೀಗ ಹಾಕಿ ಹೋದವರು ವಾಪಸು ಬಂದು ಬಾಗಿಲು ತೆಗೆದಾಗ ಕಾಲಿಗೆ ಮುತ್ತಿಕೊಳ್ಳುವುದು ಇವೇ.

ಅಂದಹಾಗೆ, ಚಿಗಟ ಬೇರೆ, ಉಣುಗು ಬೇರೆ. ಮಲೆನಾಡಿನ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ.

ಚಿಗಟ ಇದೆಯೋ ಇಲ್ಲವೋ ಎಂದು ತಿಳಿಯಲು ಪ್ರಾಣಿಯ ಬೆನ್ನನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಟಿಶ್ಯೂ ಮೇಲೆ ಹಾಕಿ. ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಅದು ಕುಡಿದ ರಕ್ತ. ಆಗ ಮನೆಯಲ್ಲಿರುವ ಎಲ್ಲ ನಾಯಿ, ಬೆಕ್ಕುಗಳಿಗೂ ಒಟ್ಟಿಗೆ ಚಿಕಿತ್ಸೆ ಬೇಕು. ಹಾಸಿಗೆ ಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಮೂಲೆ, ಮಂಚದಡಿ, ಸೋಫಾ ಸಂದುಗಳಿಗೆ ವ್ಯಾಕ್ಯೂಮ್ ಹಾಕಿ, ಕಸವನ್ನು ಚೀಲದಲ್ಲಿ ಕಟ್ಟಿ ಹೊರಗೆ ಎಸೆಯಿರಿ. ಔಷಧಿ ಹಾಕಿದ ಮೇಲೂ ಕೆಲವು ವಾರ ಚಿಗಟ ಕಂಡರೆ ಔಷಧಿ ಸುಳ್ಳೆಂದು ನಿಲ್ಲಿಸಬೇಡಿ, ಅವು ಹಳೆಯ ಗೂಡುಗಳಿಂದ ಹೊರಬಂದವು. ಸಾಮಾನ್ಯವಾಗಿ ಮೂರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು: ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಲೇಬೇಡಿ. ನಾಯಿಗಳ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿನ ಜೀವ ತೆಗೆಯಬಲ್ಲದು, ಬೆಕ್ಕಿನ ಯಕೃತ್ತಿಗೆ ಅದನ್ನು ಬೇಗ ಒಡೆದು ಹೊರಹಾಕಲು ಆಗುವುದಿಲ್ಲ. ಹಚ್ಚಿದ ನಂತರ ಬೆಕ್ಕು ನಡುಗುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ ಕಾಯಬೇಡಿ. ಔಷಧಿಯ ಪ್ಯಾಕೆಟ್ ಸಮೇತ ತಕ್ಷಣ ಪಶುವೈದ್ಯರ ಬಳಿ ಕರೆದೊಯ್ಯಿರಿ.