ನಿಮಗಿದು ಗೊತ್ತೇ? ಗೌರ್ಮೆಂಟ್ ರಾಕೆಟ್ಟೋ, ಪ್ರೈವೇಟ್ ರಾಕೆಟ್ಟೋ?

ಬೇತಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಗೌರ್ಮೆಂಟ್ ಬಸ್ಸಿಗೆ ಕಾಯುವುದೋ, ಎದುರಿಗೆ ಬಂದು ನಿಂತ ಪ್ರೈವೇಟ್ ಬಸ್ಸು ಹತ್ತುವುದೋ? ಚಾರ್ಜು ಎಷ್ಟು, ಲಗೇಜು ಎಷ್ಟು, ಎಷ್ಟು ಹೊತ್ತಿಗೆ ಮುಟ್ಟಬೇಕು ಎಂದು ಮನಸ್ಸಿನಲ್ಲೇ ಕೂಡಿ ಕಳೆದು ಕಾಲು ಮುಂದಿಡುತ್ತೇವೆ. ಚಂದ್ರನಿಗೆ, ಮಂಗಳನಿಗೆ, ಗುರುವಿಗೆ ನೌಕೆ ಕಳಿಸುವವರೂ ಇದೇ ಮೂರು ಪ್ರಶ್ನೆ ಹಿಡಿದು ತಲೆ ಕೆಡಿಸಿಕೊಳ್ಳುತ್ತಾರೆ. ಅವರ ಬಸ್‌ಸ್ಟ್ಯಾಂಡಿನ ಕೆಲವು ಸುದ್ದಿಗಳು ಇಲ್ಲಿವೆ.

1. ಸ್ವಂತ ಲಾರಿ, ಬಾಡಿಗೆ ಲಾರಿ

ಸರ್ಕಾರಿ ರಾಕೆಟ್ ಎಂದರೆ ಸರ್ಕಾರದವರೇ ಸ್ಪ್ಯಾನರ್ ಹಿಡಿದು ಕಟ್ಟಿದ್ದು ಎಂದಲ್ಲ. ನಾಸಾದ ದೈತ್ಯ ರಾಕೆಟ್ ಎಸ್‌ಎಲ್‌ಎಸ್‌ನ ಮುಖ್ಯ ಭಾಗ ಕಟ್ಟುವುದು ಬೋಯಿಂಗ್ ಕಂಪನಿ. ವ್ಯತ್ಯಾಸ ಇರುವುದು ಒಡೆತನದಲ್ಲಿ. ಒಂದರಲ್ಲಿ ಲಾರಿಯೇ ನಮ್ಮದು, ರಿಪೇರಿಯೂ ನಮ್ಮದು. ಇನ್ನೊಂದರಲ್ಲಿ ಲೋಡಿನ ಲೆಕ್ಕಕ್ಕೆ ಬಾಡಿಗೆ ಕೊಟ್ಟರೆ ಮುಗಿಯಿತು. ಮಂಗಳನ ಮೇಲೆ ಓಡಾಡುತ್ತಿರುವ ಕ್ಯೂರಿಯಾಸಿಟಿ (2011) ಮತ್ತು ಪರ್ಸಿವಿಯರೆನ್ಸ್ (2020) ರೋವರ್‌ಗಳೆರಡೂ ಹೋದದ್ದು ಬಾಡಿಗೆಯ ಅಟ್ಲಾಸ್-5 ರಾಕೆಟ್‌ನಲ್ಲಿ.

2. ಇದೇ ರಾಕೆಟ್ ಎಂದು ಕಾನೂನು!

ಗುರುವಿನ ಚಂದ್ರ ಯುರೋಪಾದ ಹಿಮದಡಿ ಸಾಗರವಿದೆಯೇ ಎಂದು ನೋಡಲು ನಾಸಾ ‘ಯುರೋಪಾ ಕ್ಲಿಪ್ಪರ್’ ನೌಕೆ ಕಟ್ಟಿತು. ಅದು ಸರ್ಕಾರಿ ಎಸ್‌ಎಲ್‌ಎಸ್‌ನಲ್ಲೇ ಹೋಗಬೇಕೆಂದು ಅಮೆರಿಕದ ಸಂಸತ್ತು ವರ್ಷಗಟ್ಟಲೆ ಕಾನೂನಿನಲ್ಲೇ ಬರೆದಿಟ್ಟಿತ್ತು. ಆದರೆ ಕಟ್ಟಿದ ಎಸ್‌ಎಲ್‌ಎಸ್‌ಗಳೆಲ್ಲ ಮನುಷ್ಯರ ಚಂದ್ರಯಾನಕ್ಕೇ ಬೇಕಾಗಿದ್ದವು. ಹಾರುವಾಗ ಆ ರಾಕೆಟ್ ಕೊಡುವ ನಡುಕವನ್ನು ನೌಕೆ ತಡೆದೀತೇ ಎಂಬ ಅನುಮಾನವೂ ಎದ್ದಿತು. ಕೊನೆಗೆ ಕಟ್ಟು ಸಡಿಲವಾಯಿತು. 2021ರ ಜುಲೈನಲ್ಲಿ ಕೆಲಸ ಸ್ಪೇಸ್‌ಎಕ್ಸ್‌ನ ಫಾಲ್ಕನ್ ಹೆವಿಗೆ ಹೋಯಿತು.

3. ಬಾಡಿಗೆ ಎಷ್ಟು?

ಫಾಲ್ಕನ್ ಹೆವಿ ಗುತ್ತಿಗೆಯ ಮೊತ್ತ ಸುಮಾರು 17.8 ಕೋಟಿ ಡಾಲರ್. ಎಸ್‌ಎಲ್‌ಎಸ್ ಒಂದು ಸಲ ಹಾರಿದರೆ 200 ಕೋಟಿ ಡಾಲರ್‌ಗೂ ಮೇಲೆ. ಒಂದಕ್ಕೆ ಹತ್ತು ಎಂದರೂ ಕಡಿಮೆಯೇ.

4. ಅಗ್ಗದ ದಾರಿ ಸುತ್ತುಬಳಸು

ಹಣ ಉಳಿಯಿತು, ಕಾಲ ಖರ್ಚಾಯಿತು. ಎಸ್‌ಎಲ್‌ಎಸ್‌ನಲ್ಲಾದರೆ ಮೂರು ವರ್ಷದೊಳಗೆ ಗುರುವಿನ ಬಳಿ ಇರಬಹುದಿತ್ತು. 2024ರ ಅಕ್ಟೋಬರ್ 14ರಂದು ಹಾರಿದ ಕ್ಲಿಪ್ಪರ್ ಮುಟ್ಟುವುದು 2030ರ ಏಪ್ರಿಲ್‌ಗೆ. ಇಂಧನ ತುಂಬಿದಾಗ ನೌಕೆಯ ತೂಕ ಸುಮಾರು 6,000 ಕಿಲೊ. ಅಷ್ಟು ಭಾರವನ್ನು ನೇರ ಗುರುವಿಗೆ ಎಸೆಯುವ ತಾಕತ್ತು ಬಾಡಿಗೆ ರಾಕೆಟ್‌ಗೆ ಇರಲಿಲ್ಲ. ಹಾಗಾಗಿ 2025ರ ಮಾರ್ಚ್ 1ರಂದು ಮಂಗಳನ ಪಕ್ಕ ಹಾಯಿಸಿ ಅದರ ಗುರುತ್ವದಿಂದ ನೆರವು ಪಡೆದದ್ದು. 2026ರ ಡಿಸೆಂಬರ್‌ನಲ್ಲಿ ಭೂಮಿಯ ಪಕ್ಕ ಹಾಯಿಸಿ ಇನ್ನೊಂದು ನೂಕು ಪಡೆಯುವ ಲೆಕ್ಕ.

5. ಆರನೇ ಸಲಕ್ಕೆ ಬೀಳ್ಕೊಡುಗೆ

ಕ್ಲಿಪ್ಪರ್‌ ಹೊತ್ತ ಫಾಲ್ಕನ್ ಹೆವಿಯ ಎರಡು ಪಕ್ಕದ ಬೂಸ್ಟರ್‌ಗಳು ಅದಕ್ಕೂ ಮುಂಚೆ ಐದು ಸಲ ಹಾರಿ ಸುರಕ್ಷಿತವಾಗಿ ಇಳಿದಿದ್ದ ಹಳೇ ಸರಕು. ಅದರಲ್ಲಿ ಒಂದು ಸಲ, 2023ರಲ್ಲಿ, ಸೈಕಿ ಎಂಬ ಕ್ಷುದ್ರಗ್ರಹದ ನೌಕೆಯನ್ನೂ ಹೊತ್ತಿದ್ದವು. ಆರನೇ ಸಲ ಮಾತ್ರ ವಾಪಸು ಇಳಿಯಲು ಇಂಧನ ಉಳಿಸದೆ, ಇದ್ದದ್ದನ್ನೆಲ್ಲ ಉರಿಸಿಬಿಟ್ಟರು. ಗುರುವಿನ ದಾರಿ ಅಷ್ಟು ಕೇಳುತ್ತದೆ.

6. ಸರ್ಕಾರಿ ಗಾಡಿ ಕೆಟ್ಟು ನಿಂತಾಗ

ಹಿಂದೊಮ್ಮೆ ಅಮೆರಿಕ ಗ್ರಹಗಳ ನೌಕೆಗಳನ್ನೂ ತನ್ನ ಸ್ಪೇಸ್ ಶಟಲ್‌ನಲ್ಲೇ ಕಳಿಸುವ ಹಟ ಹಿಡಿದಿತ್ತು. ಗುರುವಿಗೆ ಹೊರಡಬೇಕಿದ್ದ ಗೆಲಿಲಿಯೊ ನೌಕೆಗೆ 1986ರ ಮೇ ತಿಂಗಳಿನ ಮುಹೂರ್ತ ಇಟ್ಟಿದ್ದರು. ಅದೇ ಜನವರಿ 28ರಂದು ಚಾಲೆಂಜರ್ ಶಟಲ್ ಏಳು ಮಂದಿಯೊಂದಿಗೆ ಸಿಡಿಯಿತು. ಶಟಲ್‌ಗಳೆಲ್ಲ ನಿಂತವು. ಗೆಲಿಲಿಯೊ ಹೊರಟದ್ದು 1989ರ ಅಕ್ಟೋಬರ್ 18ಕ್ಕೆ. ಜನರಿರುವ ಶಟಲ್‌ನಲ್ಲಿ ಅಪಾಯವೆಂದು ದೊಡ್ಡ ದ್ರವ ಇಂಧನದ ಎಂಜಿನ್ನನ್ನೂ ಬಿಡಿಸಿದ್ದರು. ಶುಕ್ರನನ್ನು ಒಂದು ಸಲ, ಭೂಮಿಯನ್ನು ಎರಡು ಸಲ ಸುತ್ತಿಬಳಸಿ ಅದು ಗುರುವನ್ನು ಮುಟ್ಟಿದಾಗ 1995ರ ಡಿಸೆಂಬರ್.

7. ಗ್ರೀಸ್ ಸವೆದ ಕಥೆ

ಅಷ್ಟರಲ್ಲಿ ಗೆಲಿಲಿಯೊದ ಕೊಡೆಯಂಥ ದೊಡ್ಡ ಆಂಟೆನಾ ಬಿಚ್ಚಿಕೊಳ್ಳದೆ ಕಚ್ಚಿಕೊಂಡಿತ್ತು. ಕಾಯುವ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾ–ಫ್ಲಾರಿಡಾ ನಡುವೆ ಲಾರಿಯಲ್ಲಿ ಅತ್ತಿತ್ತ ಸಾಗಿಸುವಾಗ ಕಡ್ಡಿಗಳ ಮೇಲಿನ ಸವಕಳಿ ತಡೆಯುವ ಲೇಪ ಉಜ್ಜಿಹೋಗಿರಬೇಕು ಎಂಬುದು ಎಂಜಿನಿಯರುಗಳ ತೀರ್ಮಾನ. ಗಣಿಯಲ್ಲಿ ಯಂತ್ರ ನಡೆಸಿದ ಕೆಜಿಎಫ್ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ: ನಿಂತ ಯಂತ್ರವೇ ಬೇಗ ಕೆಡುವುದು.

8. ಉಪಗ್ರಹ ಪೀಣ್ಯದ್ದು, ರಾಕೆಟ್ ರಷ್ಯದ್ದು

ನಮ್ಮ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಮುಂದಾಳು ಉಡುಪಿ ಕಡೆಯ ಯು. ಆರ್. ರಾವ್. 360 ಕಿಲೊ ತೂಕದ ಅದನ್ನು 1975ರ ಏಪ್ರಿಲ್ 19ರಂದು ಮೇಲಕ್ಕೆ ಒಯ್ದದ್ದು ಸೋವಿಯತ್ ರಾಕೆಟ್. ಆಗ ನಮ್ಮಲ್ಲಿ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ನಮ್ಮದೇ ರಾಕೆಟ್ ಎಸ್‌ಎಲ್‌ವಿ-3 ಮೊದಲು ಗೆದ್ದದ್ದು 1980ರ ಜುಲೈ 18ಕ್ಕೆ. ಹೊತ್ತ ಭಾರ ಬರೀ 35 ಕಿಲೊ.

9. ಎತ್ತಿನ ಗಾಡಿ ಹತ್ತಿದ ಉಪಗ್ರಹ

1981ರ ಜೂನ್ 19ರಂದು ‘ಆಪಲ್’ ಉಪಗ್ರಹ ಯುರೋಪಿನ ಏರಿಯಾನ್ ರಾಕೆಟ್‌ನಲ್ಲಿ ಪುಕ್ಕಟೆಯಾಗಿ ಹೋಯಿತು. ಅದು ಏರಿಯಾನ್‌ನ ಮೂರನೇ ಪರೀಕ್ಷಾ ಹಾರಾಟ. ಧೈರ್ಯವಿದ್ದವರಿಗೆ ಸೀಟು ಉಚಿತ. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಆಪಲ್‌ನ ಆಂಟೆನಾ ಪರೀಕ್ಷಿಸಬೇಕಾದಾಗ ಅದನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿದರು. ಮರದ ಗಾಡಿ ರೇಡಿಯೊ ಅಲೆಗಳಿಗೆ ಲೋಹದಂತೆ ಅಡ್ಡಬರುವುದಿಲ್ಲ. ಬಡತನಕ್ಕಲ್ಲ, ಬುದ್ಧಿವಂತಿಕೆಗೆ ಎತ್ತು ಕಟ್ಟಿದ್ದು.

10. ದೊಡ್ಡಣ್ಣ ಮಲಗಿದ್ದಾಗ ತಮ್ಮನೇ ಹೊತ್ತ

ಮಂಗಳಯಾನ ಹೊರಟದ್ದು ಸಣ್ಣ ಪಿಎಸ್‌ಎಲ್‌ವಿಯಲ್ಲಿ. ದೊಡ್ಡ ಜಿಎಸ್‌ಎಲ್‌ವಿ 2010ರಲ್ಲಿ ಎರಡು ಸಲ ವಿಫಲವಾಗಿತ್ತು. 2013ರ ಆಗಸ್ಟ್‌ನಲ್ಲಿ ಇಂಧನ ಸೋರಿ ಮತ್ತೆ ನಿಂತಿತ್ತು. ಮಂಗಳನ ದಾರಿ ತೆರೆಯುವುದು 26 ತಿಂಗಳಿಗೊಮ್ಮೆ; ಕಾಯುವಂತಿರಲಿಲ್ಲ. 2013ರ ನವೆಂಬರ್ 5ರಂದು ಪಿಎಸ್‌ಎಲ್‌ವಿ ಅದನ್ನು ಭೂಮಿಯ ಸುತ್ತ ಬಿಟ್ಟಿತು. ನೌಕೆ ತನ್ನದೇ ಎಂಜಿನ್ ಆರು ಸಲ ಉರಿಸಿ ಕಕ್ಷೆ ಹಿಗ್ಗಿಸಿಕೊಂಡು, ಡಿಸೆಂಬರ್ 1ರಂದು ಮಂಗಳನತ್ತ ತಿರುಗಿತು. ಒಟ್ಟು ಖರ್ಚು ಸುಮಾರು 450 ಕೋಟಿ ರೂಪಾಯಿ.

11. ನಿಧಾನವೇ ಪ್ರಧಾನ

ಚಂದ್ರಯಾನ-3 ನಮ್ಮ ಎಲ್‌ವಿಎಂ3ನಲ್ಲಿ ಹೊರಟು 40 ದಿನದ ಮೇಲೆ, 2023ರ ಆಗಸ್ಟ್ 23ರಂದು ಇಳಿಯಿತು. ರಷ್ಯದ ಲೂನಾ-25 ಅದೇ ಆಗಸ್ಟ್ 11ರಂದು ಹೊರಟು, ನೇರ ದಾರಿ ಹಿಡಿದು ನಮಗಿಂತ ಮುಂಚೆ ಇಳಿಯಲು ನೋಡಿತು. 19ರಂದು ಚಂದ್ರನಿಗೆ ಅಪ್ಪಳಿಸಿತು. ತಪ್ಪು ರಾಕೆಟ್ಟಿನದಲ್ಲ, ನೌಕೆಯ ಎಂಜಿನ್ ಹೊತ್ತಿಗೆ ಸರಿಯಾಗಿ ಆರದೆ ಉರಿದದ್ದು. ರಾಕೆಟ್ ಬಾಗಿಲವರೆಗೆ ಬಿಡುತ್ತದೆ, ಒಳಗೆ ಹೋಗಬೇಕಾದವರು ನಾವೇ.

12. ಎಲ್ಲರಿಗೂ ಪುಕ್ಕಟೆ ನೂಕು

ಇದನ್ನು ಓದುತ್ತ ನೀವು ಬೇತಮಂಗಲದ ಕೆರೆ ಏರಿಯ ಮೇಲೆ ಸುಮ್ಮನೆ ಕೂತಿದ್ದರೂ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದ್ದೀರಿ, ಭೂಮಿ ತಿರುಗುವುದರಿಂದ. ಇಲ್ಲಿಂದ ನೇರ ಗೆರೆ ಎಳೆದರೆ ಸುಮಾರು 220 ಕಿ.ಮೀ. ದೂರದ ಶ್ರೀಹರಿಕೋಟಾಕ್ಕೂ ಹೆಚ್ಚುಕಡಿಮೆ ಅಷ್ಟೇ ವೇಗ. ಉತ್ತರಕ್ಕಿರುವ ಫ್ಲಾರಿಡಾದಲ್ಲಿ ಇದು ಸುಮಾರು 1,470ಕ್ಕೆ ಇಳಿಯುತ್ತದೆ. ಪೂರ್ವಕ್ಕೆ ಹಾರುವ ರಾಕೆಟ್‌ಗೆ ಈ ನೂಕು ಬಿಟ್ಟಿ. ಭೂಮಿ ಸರ್ಕಾರಿ, ಖಾಸಗಿ ಎಂದು ನೋಡುವುದಿಲ್ಲ.

13. ನಮ್ಮ ಸರ್ಕಾರಿ ಬಸ್ಸೂ ಬಾಡಿಗೆಗೆ

ಚಂದ್ರಯಾನ ಹೊತ್ತ ಎಲ್‌ವಿಎಂ3ನ್ನೇ 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಒನ್‌ವೆಬ್ ಕಂಪನಿ ಬಾಡಿಗೆಗೆ ಹಿಡಿದು, ಸಲಕ್ಕೆ 36ರಂತೆ 72 ಉಪಗ್ರಹ ಕಳಿಸಿತು. ಯುಕ್ರೇನ್ ಯುದ್ಧದಿಂದ ಅದಕ್ಕೆ ರಷ್ಯದ ಸೊಯುಜ್ ತಪ್ಪಿಹೋಗಿತ್ತು. ವ್ಯಾಪಾರ ಕುದುರಿಸಿದ್ದು 2019ರಲ್ಲಿ ಶುರುವಾದ, ಬೆಂಗಳೂರಿನಲ್ಲಿ ಕಚೇರಿಯಿರುವ ಸರ್ಕಾರಿ ಕಂಪನಿ ಎನ್‌ಎಸ್‌ಐಎಲ್.

14. ನಾವೂ ಪ್ರೈವೇಟ್ ಹತ್ತಿದೆವು

2024ರ ನವೆಂಬರ್‌ನಲ್ಲಿ ಇಸ್ರೊ ಕಟ್ಟಿದ 4,700 ಕಿಲೊದ ಜಿಸ್ಯಾಟ್-ಎನ್2 ಉಪಗ್ರಹ ಫ್ಲಾರಿಡಾದಿಂದ ಸ್ಪೇಸ್‌ಎಕ್ಸ್‌ನ ಫಾಲ್ಕನ್-9ರಲ್ಲಿ ಹೋಯಿತು. ಅದರ ತೂಕ ನಮ್ಮ ರಾಕೆಟ್‌ಗೆ ಹೆಚ್ಚಾಗಿತ್ತು. ಒಂದು ವರ್ಷದಲ್ಲಿ, 2025ರ ನವೆಂಬರ್ 2ರಂದು, 4,400 ಕಿಲೊ ದಾಟಿದ ಸಿಎಂಎಸ್-03 ನಮ್ಮ ಎಲ್‌ವಿಎಂ3ನಲ್ಲೇ ಶ್ರೀಹರಿಕೋಟಾದಿಂದ ಏರಿತು.

15. ಯುದ್ಧ ಬಂದರೆ ಟಿಕೆಟ್ ರದ್ದು

ಯುರೋಪಿನ ಮಂಗಳ ರೋವರ್ ರೊಸಾಲಿಂಡ್ ಫ್ರಾಂಕ್ಲಿನ್ 2022ರಲ್ಲಿ ರಷ್ಯದ ಪ್ರೋಟಾನ್ ರಾಕೆಟ್ ಏರಬೇಕಿತ್ತು. ಯುದ್ಧ ಶುರುವಾಗಿ ಪಾಲುದಾರಿಕೆ ಮುರಿಯಿತು. ಸಿದ್ಧವಾಗಿದ್ದ ರೋವರ್ ನೆಲದಲ್ಲೇ ಉಳಿಯಿತು.

16. ಅಗ್ಗದ ಬಸ್ಸು ತಡವಾಗಿ ಬಂದರೆ?

ಖಾಸಗಿಯವರದೆಲ್ಲ ಹೊತ್ತಿಗೆ ಸರಿ ಎಂದುಕೊಳ್ಳಬೇಡಿ. ಮಂಗಳನಿಗೆ ಹೊರಡಬೇಕಿದ್ದ ಅವಳಿ ನೌಕೆ ಎಸ್ಕಪೇಡ್‌ಗೆ ನಾಸಾ ಬ್ಲೂ ಒರಿಜಿನ್ ಕಂಪನಿಯ ಹೊಸ ನ್ಯೂ ಗ್ಲೆನ್ ರಾಕೆಟ್ ಹಿಡಿದಿತ್ತು. 2024ರ ಅಕ್ಟೋಬರ್‌ಗೆ ರಾಕೆಟ್ ಸಿದ್ಧವಾಗಲಿಲ್ಲ. ಕೊನೆಗೆ 2025ರ ನವೆಂಬರ್ 13ರಂದು ಏರಿದಾಗ ಮಂಗಳನ ದಾರಿ ಮುಚ್ಚಿತ್ತು. ಹಾಗಾಗಿ ದಾರಿ ತೆರೆಯುವ 2026ರ ಕೊನೆಯವರೆಗೆ ಬಾಹ್ಯಾಕಾಶದಲ್ಲೇ ಕಾಯುವ ವ್ಯವಸ್ಥೆ ಮಾಡಿದರು.

17. ಶೇರ್ ಆಟೊ

2025ರ ಜನವರಿ 15ರಂದು ಒಂದೇ ಫಾಲ್ಕನ್-9ರಲ್ಲಿ ಇಬ್ಬರು ಚಂದ್ರಯಾತ್ರಿಗಳು: ಅಮೆರಿಕದ ಕಂಪನಿಯ ಬ್ಲೂ ಗೋಸ್ಟ್, ಜಪಾನಿನ ಕಂಪನಿಯ ಹಕುಟೊ-ಆರ್. ಆಟೊ ಒಂದೇ, ಇಳಿದ ಮೇಲೆ ಪಾಡು ಬೇರೆ. ಬ್ಲೂ ಗೋಸ್ಟ್ ಮಾರ್ಚ್ 2ರಂದು ಸುಸೂತ್ರವಾಗಿ ಇಳಿಯಿತು. ಇನ್ನೊಂದು ಜೂನ್‌ನಲ್ಲಿ ಅಪ್ಪಳಿಸಿತು.

18. ಅಕ್ಕಿ ಮೂಟೆಯಷ್ಟು ತೂಕ

2022ರಲ್ಲಿ ನಾಸಾದ ಪುಟ್ಟ ನೌಕೆ ಕ್ಯಾಪ್‌ಸ್ಟೋನ್ ಚಂದ್ರನಿಗೆ ಹೋಯಿತು. ತೂಕ ಸುಮಾರು 25 ಕಿಲೊ, ಅಂಗಡಿಯ ಒಂದು ಅಕ್ಕಿ ಚೀಲದಷ್ಟು. ಒಯ್ದದ್ದು ನ್ಯೂಜಿಲೆಂಡಿನಿಂದ ಹಾರಿದ, ರಾಕೆಟ್ ಲ್ಯಾಬ್ ಕಂಪನಿಯ ಎಲೆಕ್ಟ್ರಾನ್. ಹಿಡಿದ ಕಾಲ ನಾಲ್ಕೂವರೆ ತಿಂಗಳು. ಇದಕ್ಕೆ ವಿರುದ್ಧವಾಗಿ, 2006ರಲ್ಲಿ 478 ಕಿಲೊದ ನ್ಯೂ ಹೊರೈಜನ್ಸ್ ನೌಕೆಯನ್ನು ಬಲಿಷ್ಠ ಅಟ್ಲಾಸ್-5ರ ಮೇಲಿಟ್ಟು ಎಸೆದಾಗ ಅದು ಒಂಬತ್ತೇ ಗಂಟೆಯಲ್ಲಿ ಚಂದ್ರನ ದೂರ ದಾಟಿತು.

19. ಲ್ಯಾಂಡರ್ ನಮ್ಮದು, ರಾಕೆಟ್ ಅವರದು

ಮುಂದೆ ಚಂದ್ರನ ದಕ್ಷಿಣ ಧ್ರುವಕ್ಕೆ ಭಾರತ–ಜಪಾನ್ ಕೂಡಿ ಹೋಗುವ ಯೋಜನೆಯಲ್ಲಿ ಇಳಿಯುವ ಲ್ಯಾಂಡರ್ ಇಸ್ರೊದ್ದು, ಓಡಾಡುವ ರೋವರ್ ಮತ್ತು ಹೊತ್ತೊಯ್ಯುವ ಎಚ್3 ರಾಕೆಟ್ ಜಪಾನಿನವು.

20. ಶುಕ್ರನ ಬಿಲ್ಲು

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಶುಕ್ರಯಾನಕ್ಕೆ ಇಟ್ಟ ಹಣ 1,236 ಕೋಟಿ ರೂಪಾಯಿ. ಅದರಲ್ಲಿ ನೌಕೆಗೇ 824 ಕೋಟಿ. ಅಂದರೆ ಮೂರರಲ್ಲಿ ಎರಡು ಪಾಲು ಸಾಮಾನಿಗೆ. ಸಾಗಣೆಯೂ ಸೇರಿ ಉಳಿದದ್ದಕ್ಕೆಲ್ಲ ಒಂದು ಪಾಲು. ಹೊರಡುವ ಗುರಿ 2028ರ ಮಾರ್ಚ್.

21. ರಾಕೆಟ್ಟೂ ಕೈ ಬದಲಾಯಿಸುತ್ತದೆ

ಇಸ್ರೊ ರೂಪಿಸಿದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯನ್ನು ಇನ್ನು ಮುಂದೆ ಕಟ್ಟಿ ಮಾರುವ ಹಕ್ಕನ್ನು 2025ರ ಜೂನ್‌ನಲ್ಲಿ ಗೆದ್ದದ್ದು ಬೆಂಗಳೂರಿನ ಎಚ್‌ಎಎಲ್. ಬಿಡ್ಡಿನ ಮೊತ್ತ 511 ಕೋಟಿ ರೂಪಾಯಿ. ಕೈ ಬದಲಾದರೂ ಗೌರ್ಮೆಂಟ್ ಮನೆಯೊಳಗೇ ಉಳಿಯಿತು; ಎಚ್‌ಎಎಲ್ ಕೂಡ ಸರ್ಕಾರದ್ದೇ.

22. ರಾಕೆಟ್ಟೇ ಇಲ್ಲದ ಬಾಹ್ಯಾಕಾಶ ವಿಜ್ಞಾನ

ಕಂಪನಿಯೂ ಸರ್ಕಾರವೂ ನಮ್ಮ ಕಡೆಯವರಿಗೆ ಹೊಸತಲ್ಲ. ಕೆಜಿಎಫ್ ಗಣಿಯನ್ನು 1880ರಿಂದ ನಡೆಸಿದ್ದು ಜಾನ್ ಟೇಲರ್ ಕಂಪನಿ. 1956ರಲ್ಲಿ ಅದು ಸರ್ಕಾರದ ಕೈಗೆ ಬಂತು. 2001ರ ಫೆಬ್ರವರಿ 28ರಂದು ಮುಚ್ಚಿತು. ಯಾರ ಕಾಲದಲ್ಲೂ ಗಣಿಗೆ ಬೇತಮಂಗಲದ ಕೆರೆ ನೀರು ಬೇಕೇ ಬೇಕಿತ್ತು. 1965ರಲ್ಲಿ ವಿಜ್ಞಾನಿಗಳು ಇದೇ ಗಣಿಯ ಎರಡು ಕಿ.ಮೀ.ಗೂ ಹೆಚ್ಚಿನ ಆಳಕ್ಕೆ ಇಳಿದು, ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊ ಕಣಗಳನ್ನು ಜಗತ್ತಿನಲ್ಲಿ ಮೊದಲು ಕಂಡವರ ಸಾಲಿಗೆ ಸೇರಿದರು. ಮೇಲೆ ಹಾರದೆ, ಕೆಳಗಿಳಿದು ಆಕಾಶ ನೋಡಿದ ಊರು ನಮ್ಮದು.

23. ಹಾಗಾದರೆ ಯಾವುದು ಮೇಲು?

ಮೇಲಿನದ್ದನ್ನೆಲ್ಲ ಕೂಡಿಸಿ ನೋಡಿ. ಸರ್ಕಾರಿ ಗಾಡಿಯನ್ನೇ ನಂಬಿ ಗೆಲಿಲಿಯೊ ಕಾಯಿತು, ಖಾಸಗಿ ಗಾಡಿಯನ್ನೇ ನಂಬಿ ಎಸ್ಕಪೇಡ್ ಕಾಯಿತು, ಪರದೇಶದ್ದನ್ನು ನಂಬಿ ಯುರೋಪಿನ ರೋವರ್ ನೆಲದಲ್ಲೇ ಕೂತಿತು. ಮಂಗಳಯಾನ ಗೆದ್ದದ್ದು ಪಕ್ಕದಲ್ಲಿ ಇನ್ನೊಂದು ರಾಕೆಟ್ ಇದ್ದದ್ದರಿಂದ. ಬಸ್ಸು ಯಾರದ್ದೇ ಆಗಲಿ, ಸ್ಟ್ಯಾಂಡಿನಲ್ಲಿ ಎರಡಿರುವುದು ಮುಖ್ಯ.

24. ಕೊನೆಗೊಂದು ಲೆಕ್ಕ

ಕ್ಲಿಪ್ಪರ್ ಹಾರಿದ 2024ರಲ್ಲಿ ಬೇತಮಂಗಲದ ಶಾಲೆಯಲ್ಲಿ ಐದನೇ ತರಗತಿಯಲ್ಲಿದ್ದ ಮಗು, ಅದು ಗುರುವನ್ನು ಮುಟ್ಟುವ 2030ರ ಏಪ್ರಿಲ್ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಿರುತ್ತದೆ.